ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಸಮಯ: ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ನಕ್ಷೆಯಲ್ಲಿ ಎರಡು ಊರುಗಳ ನಡುವಿನ ದೂರ ನೋಡಿ, ಅದನ್ನು ಗಂಟೆಗೆ 800 ಕಿ.ಮೀ. ಎಂಬ ವೇಗದಿಂದ ಭಾಗಿಸಿದರೆ ಹಾರಾಟದ ಸಮಯ ಸಿಕ್ಕಿತು ಎಂದು ಬಹಳಷ್ಟು ಮಂದಿ ತಿಳಿಯುತ್ತಾರೆ. ಒಂದು ಖಂಡದಿಂದ ಇನ್ನೊಂದಕ್ಕೆ ಹಾರುವಾಗ ಈ ಲೆಕ್ಕ ಹೇಗೋ ನಡೆದೀತು. ಆದರೆ ಮುನ್ನೂರು, ನಾನೂರು, ಐನೂರು ಕಿಲೋಮೀಟರಿನ ಪ್ರಾದೇಶಿಕ ಮಾರ್ಗಗಳಲ್ಲಿ ಇದು ಪೂರ್ತಿ ಕೈಕೊಡುತ್ತದೆ. ಅಂಥ ಹಾರಾಟದಲ್ಲಿ ವಿಮಾನ ತನ್ನ ಪೂರ್ಣ ವೇಗದಲ್ಲಿ ಸಾಗುವುದು ಸ್ವಲ್ಪವೇ ಹೊತ್ತು. ಉಳಿದ ಸಮಯವೆಲ್ಲ ಏರುವುದರಲ್ಲಿ, ಇಳಿಯುವುದರಲ್ಲಿ, ತಿರುಗುವುದರಲ್ಲಿ, ನೆಲದ ಮೇಲೆ ಉರುಳುವುದರಲ್ಲಿ ಕಳೆಯುತ್ತದೆ. ಹಾಗಾಗಿ ಚಿಕ್ಕ ಮಾರ್ಗದ ಸಮಯವನ್ನು ತೀರ್ಮಾನಿಸುವುದು ಮಧ್ಯದ ದೂರಕ್ಕಿಂತ ಹೆಚ್ಚಾಗಿ ಅದರ ಎರಡು ತುದಿಗಳು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ ಕಾಗದ ಮತ್ತು ಸಾಧಾರಣ ಕ್ಯಾಲ್ಕುಲೇಟರ್ ಸಾಕು, ಉತ್ತರ ನಿಜಕ್ಕೆ ಐದು ನಿಮಿಷಗಳ ಆಸುಪಾಸಿನಲ್ಲೇ ಬರುತ್ತದೆ.

ಉದಾಹರಣೆಗೆ ನಾರ್ವೆಯ ಬರ್ಗೆನ್ ಮತ್ತು ಟ್ರಾಂಡ್‌ಹೈಮ್ ನಿಲ್ದಾಣಗಳನ್ನು ಆರಿಸಿಕೊಂಡಿದ್ದೇನೆ. ಇವು ಉತ್ತರ ಧ್ರುವದ ಕಡೆಗಿರುವುದರಿಂದ ರೇಖಾಂಶದ ಲೆಕ್ಕದಲ್ಲಿ ಮಾಡುವ ತಪ್ಪು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಇವುಗಳ ನಡುವಿನ ದೂರವನ್ನು ಪ್ರೊಪೆಲರ್‌ನಿಂದ ಹಾರುವ ಟರ್ಬೊಪ್ರಾಪ್ ವಿಮಾನವೂ ಜೆಟ್ ವಿಮಾನವೂ ಸಹಜವಾಗಿ ಹಾರಬಲ್ಲವು. ಎರಡರ ರನ್‌ವೇಗಳೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. ಕಲಿಯಲು ಇದಕ್ಕಿಂತ ಒಳ್ಳೆಯ ಜೋಡಿ ಬೇಕಿಲ್ಲ.

ಮೊದಲು ನಿಲ್ದಾಣ ಯಾವುದೆಂದು ಖಚಿತಪಡಿಸಿಕೊಳ್ಳಿ

ಊರಿನ ಹೆಸರಿನಿಂದ ಲೆಕ್ಕ ಶುರು ಮಾಡಬೇಡಿ, ಸಂಕೇತದಿಂದ ಶುರು ಮಾಡಿ. ಪ್ರತಿ ನಿಲ್ದಾಣಕ್ಕೂ ಟಿಕೆಟ್‌ಗಳಲ್ಲಿ ಬಳಸುವ ಮೂರಕ್ಷರದ ಐಎಟಿಎ ಸಂಕೇತ ಮತ್ತು ಪೈಲಟ್‌ಗಳು, ಸಂಚಾರ ನಿಯಂತ್ರಕರು ಬಳಸುವ ನಾಲ್ಕಕ್ಷರದ ಐಸಿಎಒ ಸಂಕೇತ ಇರುತ್ತವೆ. ಬರ್ಗೆನ್ನಿನ ಫ್ಲೆಸ್‌ಲ್ಯಾಂಡ್ ನಿಲ್ದಾಣ ಬಿಜಿಒ ಮತ್ತು ಇಎನ್‌ಬಿಆರ್. ಟ್ರಾಂಡ್‌ಹೈಮಿನ ವಾರ್ನೆಸ್ ನಿಲ್ದಾಣ ಟಿಆರ್‌ಡಿ ಮತ್ತು ಇಎನ್‌ವಿಎ. ಸಿಡ್ನಿ ಎಂಬ ಹೆಸರಿನ ನಿಲ್ದಾಣ ಆಸ್ಟ್ರೇಲಿಯಾದಲ್ಲಿ ಇರುವಂತೆಯೇ ಕೆನಡಾದ ನೋವಾ ಸ್ಕಾಟಿಯಾದಲ್ಲೂ ಇದೆ. ಮೆಲ್ಬರ್ನ್ ಆಸ್ಟ್ರೇಲಿಯಾದಲ್ಲೂ ಇದೆ, ಅಮೆರಿಕದ ಫ್ಲಾರಿಡಾದಲ್ಲೂ ಇದೆ. ಹೆಸರನ್ನಷ್ಟೇ ನಂಬಿದರೆ ಮೊದಲ ಹೆಜ್ಜೆಯಲ್ಲೇ ಎಡವುವ ಸಾಧ್ಯತೆ ಇದೆ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಊರೇ ಬೇರೆ, ನಿಲ್ದಾಣವೇ ಬೇರೆ. ವಾರ್ನೆಸ್ ನಿಲ್ದಾಣ ಇರುವುದು ಟ್ರಾಂಡ್‌ಹೈಮಿನ ಪೂರ್ವಕ್ಕೆ, ಸ್ಟ್ಯೋರ್ಡಾಲ್ ಎಂಬಲ್ಲಿ. ನಗರದ ಕೇಂದ್ರದಿಂದ ನೇರ ಗೆರೆ ಎಳೆದರೂ ಸುಮಾರು 26 ಕಿ.ಮೀ. ಆಗುತ್ತದೆ. ಬರ್ಗೆನ್ ನಗರದಿಂದ ಟ್ರಾಂಡ್‌ಹೈಮ್ ನಗರಕ್ಕೆ ಆಕಾಶದೂರ ಅಳೆದರೆ ಸುಮಾರು 430 ಕಿ.ಮೀ. ಬರುತ್ತದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದರೆ 461 ಕಿ.ಮೀ. ಅಷ್ಟು ಚಿಕ್ಕ ಮಾರ್ಗದಲ್ಲಿ ಇದು ಶೇಕಡಾ ಏಳರಷ್ಟು ವ್ಯತ್ಯಾಸ. ಅಂತರಜಾಲದ ‘ನಗರಗಳ ನಡುವಿನ ದೂರ’ ತೋರಿಸುವ ಪಟ್ಟಿಗಳನ್ನು ಈ ಕೆಲಸಕ್ಕೆ ನಾನು ಬಳಸದಿರುವುದು ಇದೇ ಕಾರಣಕ್ಕೆ.

ಅಕ್ಷಾಂಶ, ರೇಖಾಂಶಗಳನ್ನು ಹೊಂದಿಸಿಕೊಳ್ಳಿ

ನಿಲ್ದಾಣದ ಅಧಿಕೃತ ಸ್ಥಾನವೆಂದರೆ ಅದರ ಉಲ್ಲೇಖ ಬಿಂದು. ಸಾಮಾನ್ಯವಾಗಿ ಅದು ರನ್‌ವೇಯ ನಡುಭಾಗದ ಹತ್ತಿರ ಇರುತ್ತದೆ. ಪ್ರತಿ ದೇಶವೂ ಪ್ರಕಟಿಸುವ ವೈಮಾನಿಕ ಮಾಹಿತಿ ಪ್ರಕಟಣೆಯಲ್ಲಿ, ಅಂದರೆ ಎಐಪಿಯಲ್ಲಿ, ಇದನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಕೊಟ್ಟಿರುತ್ತಾರೆ. ನಮ್ಮ ಜೋಡಿಯ ಅಂಕಿಗಳು ಹೀಗಿವೆ:

ಬರ್ಗೆನ್: ಉತ್ತರ 60° 17′ 37″, ಪೂರ್ವ 5° 13′ 05″
ಟ್ರಾಂಡ್‌ಹೈಮ್: ಉತ್ತರ 63° 27′ 27″, ಪೂರ್ವ 10° 55′ 27″

ಇವನ್ನು ದಶಮಾಂಶಕ್ಕೆ ತರಬೇಕು. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿ. ಬರ್ಗೆನ್ನಿನ ಅಕ್ಷಾಂಶ 60 + 17÷60 + 37÷3600, ಅಂದರೆ 60.2936. ಅದೇ ರೀತಿ ರೇಖಾಂಶ 5.2181. ಟ್ರಾಂಡ್‌ಹೈಮ್ 63.4575 ಮತ್ತು 10.9242. ಇಲ್ಲಿ ಬಹಳ ಸಾಮಾನ್ಯವಾಗಿ ಆಗುವ ತಪ್ಪೆಂದರೆ 60° 17′ 37″ ಅನ್ನು ನೋಡಿ 60.1737 ಎಂದು ಬರೆದುಬಿಡುವುದು. ಅಷ್ಟರಿಂದಲೇ ಸ್ಥಾನ ಹದಿಮೂರು ಕಿಲೋಮೀಟರಿನಷ್ಟು ದಕ್ಷಿಣಕ್ಕೆ ಜಾರುತ್ತದೆ.

ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಋಣ ಚಿಹ್ನೆ ಹಾಕಿ. ಎರಡು ರೇಖಾಂಶಗಳ ವ್ಯತ್ಯಾಸ 180° ದಾಟಿದರೆ ಅದನ್ನು 360°ಯಿಂದ ಕಳೆಯಿರಿ. ಇದು ಅಪರೂಪಕ್ಕೆ ಬೇಕಾಗುವ ನಿಯಮ, ಆದರೆ ಬೇಕಾದಾಗ ಬೇಕೇ ಬೇಕು. ಫಿಜಿಯಲ್ಲಿ ನಾಡಿ ನಿಲ್ದಾಣ ಪೂರ್ವ ರೇಖಾಂಶ ಸುಮಾರು 177.4°ಯಲ್ಲಿದೆ, ತವೇಉನಿ ದ್ವೀಪದ ಮಟೇಯಿ ನಿಲ್ದಾಣ ಪಶ್ಚಿಮ ರೇಖಾಂಶ ಸುಮಾರು 179.9°ಯಲ್ಲಿದೆ. ಸುಮ್ಮನೆ ಕಳೆದರೆ 357.3° ಬಂದು, ಒಂದೇ ದೇಶದ ಎರಡು ದ್ವೀಪಗಳ ನಡುವೆ ಭೂಮಿಯನ್ನೇ ಸುತ್ತಿ ಹೋಗುವಂತಾಗುತ್ತದೆ. ನಿಜವಾದ ವ್ಯತ್ಯಾಸ 2.7° ಮಾತ್ರ.

ದೂರ: ಕಾಗದದ ಮೇಲಿನ ವಿಧಾನ

ವಾಯುಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ, ವೇಗವನ್ನು ನಾಟ್‌ನಲ್ಲಿ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಈ ಮೈಲಿ 1,852 ಮೀಟರ್. ಮುಂದೆ ಬರಿಯ ‘ಮೈಲಿ’ ಎಂದಲ್ಲೆಲ್ಲ ಇದೇ ಮೈಲಿ. ಅದು ಅಕ್ಷಾಂಶದ ಒಂದು ಮಿನಿಟಿಗೆ ಹೆಚ್ಚುಕಡಿಮೆ ಸಮ, ಹಾಗಾಗಿ ಒಂದು ಡಿಗ್ರಿ ಅಕ್ಷಾಂಶಕ್ಕೆ 60 ನಾಟಿಕಲ್ ಮೈಲಿ. ಇದೊಂದು ಗೊತ್ತಿದ್ದರೆ ಅರ್ಧ ಲೆಕ್ಕ ಮುಗಿದಂತೆಯೇ.

ಅಕ್ಷಾಂಶದ ವ್ಯತ್ಯಾಸ 3.1639°. ಅದನ್ನು 60ರಿಂದ ಗುಣಿಸಿದರೆ ಉತ್ತರ ದಿಕ್ಕಿಗೆ 189.8 ನಾಟಿಕಲ್ ಮೈಲಿ.

ರೇಖಾಂಶದ ವ್ಯತ್ಯಾಸ 5.7061°. ಇದನ್ನೂ 60ರಿಂದ ಗುಣಿಸಿದರೆ 342.4. ಆದರೆ ರೇಖಾಂಶದ ಗೆರೆಗಳು ಧ್ರುವದತ್ತ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಸಮಭಾಜಕದಲ್ಲಿ ಒಂದು ಡಿಗ್ರಿಗೆ 60 ಮೈಲಿ ಇದ್ದದ್ದು 60° ಅಕ್ಷಾಂಶಕ್ಕೆ ಬರುವಷ್ಟರಲ್ಲಿ 30ಕ್ಕೆ ಇಳಿದಿರುತ್ತದೆ. ಆದ್ದರಿಂದ ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಸರಾಸರಿ ಅಕ್ಷಾಂಶ 61.8756°, ಅದರ ಕೊಸೈನ್ 0.4714. ಗುಣಿಸಿದಾಗ ಪೂರ್ವ ದಿಕ್ಕಿಗೆ 161.4 ಮೈಲಿ.

ಇನ್ನು ಪೈಥಾಗೊರಸ್ ಪ್ರಮೇಯ. 189.8ರ ವರ್ಗ ಮತ್ತು 161.4ರ ವರ್ಗ ಕೂಡಿಸಿ, ವರ್ಗಮೂಲ ತೆಗೆದರೆ 249.2 ನಾಟಿಕಲ್ ಮೈಲಿ. ಕಿಲೋಮೀಟರಿಗೆ ತರಲು 1.852ರಿಂದ ಗುಣಿಸಿ: 461.4 ಕಿ.ಮೀ.

ಕೊಸೈನ್ ಹೆಜ್ಜೆಯನ್ನು ಬಿಟ್ಟುಬಿಟ್ಟಿದ್ದರೆ 391 ಮೈಲಿ ಬರುತ್ತಿತ್ತು, ಅಂದರೆ ನಿಜಕ್ಕಿಂತ ಒಂದೂವರೆ ಪಟ್ಟು ಹೆಚ್ಚು. ಸಮಭಾಜಕದ ಹತ್ತಿರದ ನಿಲ್ದಾಣಗಳಿಗೆ ಈ ತಪ್ಪು ಸುಲಭವಾಗಿ ಕಾಣುವುದಿಲ್ಲ, ಅದಕ್ಕೇ ಅದು ಬಹಳ ಕಾಲ ಹಾಗೆಯೇ ಉಳಿದುಕೊಳ್ಳುತ್ತದೆ.

ದೂರ: ಗೋಳದ ಮೇಲಿನ ವಿಧಾನ

ಭೂಮಿಯ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ ಮೇಲೆ, ಅಂದರೆ ಭೂಮಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ ಮೇಲೆ, ಇರುತ್ತದೆ. ಅದನ್ನು ಲೆಕ್ಕ ಹಾಕಲು ಹ್ಯಾವರ್‌ಸೈನ್ ಸೂತ್ರ ಅತ್ಯಂತ ಭರವಸೆಯದು. ಕ್ರಮ ಹೀಗೆ:

ಅಕ್ಷಾಂಶದ ವ್ಯತ್ಯಾಸವನ್ನು ಅರ್ಧ ಮಾಡಿ, ಅದರ ಸೈನ್ ತೆಗೆದು, ವರ್ಗ ಮಾಡಿ. ನಮ್ಮ ಉದಾಹರಣೆಯಲ್ಲಿ 0.00076212.

ರೇಖಾಂಶದ ವ್ಯತ್ಯಾಸಕ್ಕೂ ಹಾಗೆಯೇ ಮಾಡಿ. 0.00247751 ಬರುತ್ತದೆ. ಇದನ್ನು ಎರಡೂ ನಿಲ್ದಾಣಗಳ ಅಕ್ಷಾಂಶದ ಕೊಸೈನ್‌ಗಳಿಂದ ಗುಣಿಸಿ. 0.49556 ಮತ್ತು 0.44686ರಿಂದ ಗುಣಿಸಿದರೆ 0.00054863.

ಎರಡನ್ನೂ ಕೂಡಿಸಿ: 0.00131075. ಅದರ ವರ್ಗಮೂಲ 0.0362043. ಇದರ ವಿಲೋಮ ಸೈನ್ ಅನ್ನು ರೇಡಿಯನ್‌ನಲ್ಲಿ ತೆಗೆದು ಎರಡರಿಂದ ಗುಣಿಸಿದರೆ 0.0724244. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿ: 461.4 ಕಿ.ಮೀ.

ಕಾಗದದ ವಿಧಾನವೂ ಇದೇ ಉತ್ತರ ಕೊಟ್ಟಿತ್ತು. ಐನೂರು ಕಿಲೋಮೀಟರಿನೊಳಗೆ, ಧ್ರುವಕ್ಕೆ ತೀರಾ ಹತ್ತಿರವಿಲ್ಲದಿದ್ದರೆ, ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರುವುದಿಲ್ಲ. ದೂರ ಬೆಳೆದಂತೆ ಮಾತ್ರ ಹ್ಯಾವರ್‌ಸೈನ್ ಅನಿವಾರ್ಯವಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ಒಂದು ಎಚ್ಚರ ವಹಿಸಬೇಕು: ಅಲ್ಲಿನ ಸೈನ್, ಕೊಸೈನ್‌ಗಳು ಕೋನವನ್ನು ರೇಡಿಯನ್‌ನಲ್ಲಿ ಬಯಸುತ್ತವೆ. ಡಿಗ್ರಿಯನ್ನು ನೇರವಾಗಿ ಕೊಟ್ಟರೆ ಅರ್ಥವಿಲ್ಲದ ಸಂಖ್ಯೆಯೊಂದು ಬಂದು ಕೂರುತ್ತದೆ.

ಭೂಮಿ ಪೂರ್ಣ ಗೋಳವಲ್ಲ. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಮಾದರಿಯಲ್ಲಿ ಸಮಭಾಜಕದ ತ್ರಿಜ್ಯ 6,378.137 ಕಿ.ಮೀ., ಧ್ರುವದ ಕಡೆಯದು ಸುಮಾರು 6,356.752 ಕಿ.ಮೀ. 1975ರಲ್ಲಿ ಟಿ. ವಿನ್ಸೆಂಟಿ ಪ್ರಕಟಿಸಿದ ವಿಧಾನ ಈ ಚಪ್ಪಟೆತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗೆ ಮಾಡಿದರೆ ನಮ್ಮ ದೂರ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚಾಗಿ, ಹತ್ತಿರಹತ್ತಿರ 462.7 ಕಿ.ಮೀ. ಆಗುತ್ತದೆ. ಭೂಮಾಪನದವರಿಗೆ ಇದು ದೊಡ್ಡ ಸಂಗತಿ. ಹಾರಾಟದ ಸಮಯಕ್ಕೆ ಇದು ಹತ್ತು ಸೆಕೆಂಡು, ಹಾಗಾಗಿ ಇಲ್ಲಿ ಬಿಟ್ಟು ಮುಂದೆ ಹೋಗೋಣ.

ನೇರ ಗೆರೆಯಿಂದ ನಿಜವಾದ ದಾರಿಗೆ

ಯಾವ ವಿಮಾನವೂ ಒಂದು ಉಲ್ಲೇಖ ಬಿಂದುವಿನಿಂದ ಇನ್ನೊಂದಕ್ಕೆ ಗೆರೆ ಎಳೆದಂತೆ ಹಾರುವುದಿಲ್ಲ. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಮೇಲೇಳಬೇಕು, ನಿಗದಿತ ನಿರ್ಗಮನ ಮಾರ್ಗ ಹಿಡಿಯಬೇಕು, ಸೈನ್ಯದ ಅಥವಾ ನಿರ್ಬಂಧಿತ ವಾಯುಪ್ರದೇಶವಿದ್ದರೆ ಬಳಸಿ ಹೋಗಬೇಕು, ಕೊನೆಗೆ ಗಾಳಿಗೆ ಎದುರಾಗಿ ಇಳಿಯಬೇಕು.

ಮೊದಲು ಮಾರ್ಗದ ದಿಕ್ಕು ತಿಳಿದುಕೊಳ್ಳಿ. ಪೂರ್ವದ 161.4 ಮೈಲಿಯನ್ನು ಉತ್ತರದ 189.8 ಮೈಲಿಯಿಂದ ಭಾಗಿಸಿ, ವಿಲೋಮ ಟ್ಯಾಂಜೆಂಟ್ ತೆಗೆದರೆ 40° ಸಿಗುತ್ತದೆ. ಉತ್ತರದಿಂದ ಬಲಕ್ಕೆ 40°, ಅಂದರೆ ಹೆಚ್ಚುಕಡಿಮೆ ಈಶಾನ್ಯ. ಮಹಾವೃತ್ತದ ಮೇಲೆ ಈ ಕೋನ ಬದಲಾಗುತ್ತಾ ಹೋಗುತ್ತದೆ. ಬರ್ಗೆನ್ನಿನಲ್ಲಿ 38° ಇದ್ದದ್ದು ಟ್ರಾಂಡ್‌ಹೈಮ್ ಹೊತ್ತಿಗೆ 43° ಆಗಿರುತ್ತದೆ. ನಮ್ಮ ಕೆಲಸಕ್ಕೆ ನಡುವಿನ 40° ಸಾಕು.

ಈಗ ರನ್‌ವೇ ನೋಡಿ. ರನ್‌ವೇಯ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ಅದರ ಕಾಂತೀಯ ದಿಕ್ಕು ಸುಮಾರಾಗಿ ಸಿಗುತ್ತದೆ. ಬರ್ಗೆನ್ನಿನದು 17 ಮತ್ತು 35, ಅಂದರೆ 170° ಹಾಗೂ 350°. ಉತ್ತರಕ್ಕೆ ಮುಖ ಮಾಡಿ ಮೇಲೆದ್ದರೆ ಸ್ವಲ್ಪ ಬಲಕ್ಕೆ ತಿರುಗಿದರೆ ಆಯಿತು. ದಕ್ಷಿಣಕ್ಕೆ ಮೇಲೆದ್ದರೆ ಹೋಗಬೇಕಾದ ಕಡೆಗೆ ಬೆನ್ನು ಹಾಕಿ ಏರಿ, 130°ಯಷ್ಟು ತಿರುಗಿ ಬರಬೇಕು. ವಾರ್ನೆಸ್‌ನ ರನ್‌ವೇ 09 ಮತ್ತು 27. ನೈಋತ್ಯದಿಂದ ಬರುವ ವಿಮಾನ ಪೂರ್ವಾಭಿಮುಖವಾಗಿ ಇಳಿಯುವುದಾದರೆ ಬಂದ ದಾರಿಯಲ್ಲೇ ಸ್ವಲ್ಪ ವಾಲಿದರೆ ಸಾಕು. ಪಶ್ಚಿಮದ ಗಾಳಿ ಬಲವಾಗಿದ್ದ ದಿನ 27ರಲ್ಲಿ ಇಳಿಯಬೇಕಾಗುತ್ತದೆ. ಆಗ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ ಹಿಂದಿರುಗಬೇಕು. ಪ್ರಯಾಣಿಕರು ಕಿಟಕಿಯಿಂದ ರನ್‌ವೇ ನೋಡಿಯೂ ‘ಇನ್ನೂ ಯಾಕೆ ಇಳಿಸುತ್ತಿಲ್ಲ’ ಎಂದು ಚಡಪಡಿಸುವುದು ಇಂಥ ದಿನಗಳಲ್ಲಿಯೇ.

ಈ ಎರಡು ತುದಿಗಳಿಗಾಗಿ ನಾನು ಅನುಸರಿಸುವ ರೂಢಿ ಇದು: ಎರಡೂ ರನ್‌ವೇಗಳು ಮಾರ್ಗಕ್ಕೆ ಅನುಕೂಲವಾಗಿದ್ದರೆ 8 ರಿಂದ 10 ನಾಟಿಕಲ್ ಮೈಲಿ, ಒಂದು ಅನುಕೂಲ ಇನ್ನೊಂದು ಪ್ರತಿಕೂಲವಾದರೆ 15, ಎರಡೂ ಪ್ರತಿಕೂಲವಾದರೆ 25 ಸೇರಿಸುವುದು. ಬಹುತೇಕರು ದೂರದ ಇಂತಿಷ್ಟು ಶೇಕಡಾ ಎಂದು ಸೇರಿಸುತ್ತಾರೆ. ಚಿಕ್ಕ ಮಾರ್ಗಗಳಿಗೆ ಅದು ಒಪ್ಪುವುದಿಲ್ಲ, ಏಕೆಂದರೆ ತಿರುವುಗಳಿಗೆ ಬೇಕಾಗುವ ದೂರ ಮಾರ್ಗದ ಉದ್ದವನ್ನು ಅವಲಂಬಿಸಿರುವುದಿಲ್ಲ. ನಮ್ಮ ಲೆಕ್ಕಕ್ಕೆ 15 ಸೇರಿಸಿದರೆ ಹಾರಬೇಕಾದ ದೂರ 264 ನಾಟಿಕಲ್ ಮೈಲಿ.

ಯಾವ ವಿಮಾನ?

ಟಿಕೆಟ್ ಕಾಯ್ದಿರಿಸುವಾಗ ವಿಮಾನದ ಮಾದರಿಯನ್ನು ತೋರಿಸಿರುತ್ತಾರೆ, ಅದನ್ನು ಗಮನಿಸಿ. ಪ್ರಾದೇಶಿಕ ಮಾರ್ಗಗಳಲ್ಲಿ ಅತಿ ದೊಡ್ಡ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ. ಎಟಿಆರ್ 72 ಎಂಬ ಟರ್ಬೊಪ್ರಾಪ್‌ನ ಕ್ರೂಸ್ ವೇಗ, ಅಂದರೆ ಎತ್ತರ ಮುಟ್ಟಿದ ಮೇಲೆ ಸಮತಲದಲ್ಲಿ ಸಾಗುವ ವೇಗ, ಸುಮಾರು 270 ನಾಟ್, ಗಂಟೆಗೆ 500 ಕಿ.ಮೀ. ಡ್ಯಾಶ್ 8 ಕ್ಯೂ400 ಕೂಡ ಟರ್ಬೊಪ್ರಾಪ್ ಆದರೂ 360 ನಾಟ್‌ವರೆಗೆ ಹೋಗಬಲ್ಲದು. ಎಂಬ್ರೇಯರ್ 190, ಬೋಯಿಂಗ್ 737, ಏರ್‌ಬಸ್ 320ರಂಥ ಜೆಟ್‌ಗಳು ಎತ್ತರದಲ್ಲಿ 440–450 ನಾಟ್ ಮುಟ್ಟುತ್ತವೆ.

ಜೆಟ್‌ನ ವೇಗವನ್ನು ಮ್ಯಾಕ್ ಸಂಖ್ಯೆಯಲ್ಲಿ, ಅಂದರೆ ಶಬ್ದದ ವೇಗದ ಎಷ್ಟು ಪಾಲು ಎಂದು, ಕೊಟ್ಟಿದ್ದರೆ ಅದನ್ನು ನಾಟ್‌ಗೆ ತರುವುದೂ ಸುಲಭ. ಹೊರಗಿನ ಉಷ್ಣಾಂಶವನ್ನು ಕೆಲ್ವಿನ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 38.97ರಿಂದ ಗುಣಿಸಿದರೆ ಶಬ್ದದ ವೇಗ ನಾಟ್‌ನಲ್ಲಿ ಸಿಗುತ್ತದೆ. ಸಮುದ್ರ ಮಟ್ಟದಲ್ಲಿ 15° ಸೆಲ್ಸಿಯಸ್‌ಗೆ ಅದು 661. 36,000 ಅಡಿಯ ಮೇಲೆ ಮೈನಸ್ 56.5°ಗೆ 574. ಮ್ಯಾಕ್ 0.78 ಎಂದರೆ ಅಲ್ಲಿ 574ರ 0.78 ಭಾಗ, ಅಂದರೆ 447 ನಾಟ್.

ಇದೇ ಮುಖ್ಯ ಘಟ್ಟ: ಹಾರಾಟವನ್ನು ಮೂರು ಭಾಗ ಮಾಡಿ

ಏರುವುದು, ಸಮತಲದಲ್ಲಿ ಸಾಗುವುದು, ಇಳಿಯುವುದು. ಪ್ರತಿಯೊಂದಕ್ಕೂ ದೂರ ಬೇರೆ, ವೇಗ ಬೇರೆ. ಮೊದಲು ಎರಡು ತುದಿಗಳನ್ನು ಲೆಕ್ಕ ಹಾಕಿ, ಉಳಿದದ್ದನ್ನು ನಡುವಿನ ಭಾಗಕ್ಕೆ ಕೊಡಬೇಕು.

ಎಟಿಆರ್ 72 ತೆಗೆದುಕೊಳ್ಳೋಣ. ಇಷ್ಟು ದೂರಕ್ಕೆ ಅದು 18,000 ಅಡಿ ಎತ್ತರಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ನಿಮಿಷಕ್ಕೆ 1,100 ಅಡಿ ಏರಿದರೆ 16 ನಿಮಿಷ. ಏರುವಾಗಿನ ಸರಾಸರಿ ವೇಗ 200 ನಾಟ್ ಎಂದು ಹಿಡಿದರೆ ಆ 16 ನಿಮಿಷದಲ್ಲಿ 53 ಮೈಲಿ ಸಾಗಿರುತ್ತದೆ.

ಇಳಿಯುವುದಕ್ಕೆ ಪೈಲಟ್‌ಗಳು ಬಳಸುವ ಒಂದು ಸರಳ ಸೂತ್ರವಿದೆ: ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಇದು ಸುಮಾರು 3° ಇಳಿಜಾರಿಗೆ ಸಮ. 18,000 ಅಡಿಗೆ 54 ಮೈಲಿ. ಸರಾಸರಿ 230 ನಾಟ್ ವೇಗದಲ್ಲಿ 14 ನಿಮಿಷ.

ನಡುವೆ ಉಳಿಯುವುದು 264ರಲ್ಲಿ 53 ಮತ್ತು 54 ಕಳೆದು 157 ಮೈಲಿ. 270 ನಾಟ್ ವೇಗದಲ್ಲಿ 35 ನಿಮಿಷ. ಕೊನೆಯ ಹತ್ತು ಮೈಲಿಯಲ್ಲಿ ವಿಮಾನ ಚಕ್ರ ಇಳಿಸಿ, ರೆಕ್ಕೆಯ ಫ್ಲ್ಯಾಪ್ ಬಿಟ್ಟು, ವೇಗವನ್ನು ಬಹಳ ತಗ್ಗಿಸಿಕೊಂಡಿರುತ್ತದೆ. ಅದಕ್ಕೆ 3 ನಿಮಿಷ ಸೇರಿಸಿ. ಒಟ್ಟು 16 + 35 + 14 + 3 = 68 ನಿಮಿಷ.

ಈಗ ಅದೇ ದಾರಿಯಲ್ಲಿ ಜೆಟ್. ಎತ್ತರ 28,000 ಅಡಿ, ನಿಮಿಷಕ್ಕೆ ಸರಾಸರಿ 2,000 ಅಡಿಯಂತೆ ಏರಲು 14 ನಿಮಿಷ. ಸರಾಸರಿ 370 ನಾಟ್ ವೇಗದಲ್ಲಿ 86 ಮೈಲಿ. ಇಳಿಯಲು 84 ಮೈಲಿ, ಸರಾಸರಿ 330 ನಾಟ್ ವೇಗದಲ್ಲಿ 15 ನಿಮಿಷ. ನಡುವೆ ಉಳಿದದ್ದು 94 ಮೈಲಿ, 440 ನಾಟ್ ವೇಗದಲ್ಲಿ 13 ನಿಮಿಷ. ಕೊನೆಯ ಹಂತಕ್ಕೆ ಅದೇ 3. ಒಟ್ಟು 45 ನಿಮಿಷ.

ಈ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಜೆಟ್ ತನ್ನ ಪೂರ್ಣ ವೇಗದಲ್ಲಿದ್ದದ್ದು 45ರಲ್ಲಿ 13 ನಿಮಿಷ, ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ವೇಗ ಒಂದೂವರೆ ಪಟ್ಟಿಗಿಂತ ಹೆಚ್ಚಿದ್ದರೂ ಉಳಿಸಿದ್ದು 23 ನಿಮಿಷ. ಮಾರ್ಗ ಇನ್ನೂ ಚಿಕ್ಕದಾದರೆ ಈ ಉಳಿತಾಯ ಮತ್ತಷ್ಟು ಕರಗುತ್ತದೆ. ಚಿಕ್ಕ ಮಾರ್ಗಗಳಲ್ಲಿ ವಿಮಾನಯಾನ ಸಂಸ್ಥೆಗಳು ಇಂಧನ ಕಡಿಮೆ ಕುಡಿಯುವ ಟರ್ಬೊಪ್ರಾಪ್ ಅನ್ನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಮೂರು ಭಾಗಗಳ ಅಂಕಿಗಳನ್ನು ಸಂದರ್ಭಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ಅನೇಕ ದೇಶಗಳಲ್ಲಿ 10,000 ಅಡಿಯ ಕೆಳಗೆ 250 ನಾಟ್ ವೇಗಮಿತಿ ಇದೆ, ಜೆಟ್‌ಗಳ ಸರಾಸರಿ ಕುಸಿಯುವುದು ಅದರಿಂದಲೇ. ನಿಲ್ದಾಣ ಎತ್ತರದಲ್ಲಿದ್ದರೆ ಇಳಿಯುವ ದೂರ ಕಡಿಮೆಯಾಗುತ್ತದೆ. ಬೊಲಿವಿಯಾದ ಎಲ್ ಆಲ್ಟೊ ನಿಲ್ದಾಣ ಸುಮಾರು 13,300 ಅಡಿ ಎತ್ತರದಲ್ಲಿದೆ. 28,000 ಅಡಿಯಿಂದ ಅಲ್ಲಿಗೆ ಇಳಿಯಲು ಹದಿನೈದು ಸಾವಿರ ಅಡಿಯ ಲೆಕ್ಕ ಸಾಕು, ಅಂದರೆ 45 ಮೈಲಿ. ಇನ್ನು ಏರುವ ಮತ್ತು ಇಳಿಯುವ ದೂರಗಳನ್ನು ಕೂಡಿದಾಗ ಒಟ್ಟು ದೂರಕ್ಕಿಂತ ಹೆಚ್ಚಾದರೆ, ನೀವು ಆರಿಸಿದ ಎತ್ತರ ಆ ಮಾರ್ಗಕ್ಕೆ ಹೆಚ್ಚಾಯಿತು ಎಂದರ್ಥ. ಎತ್ತರ ತಗ್ಗಿಸಿ ಮತ್ತೆ ಲೆಕ್ಕ ಹಾಕಿ. ಪೈಲಟ್‌ಗಳೂ ಅದನ್ನೇ ಮಾಡುತ್ತಾರೆ.

ಗಾಳಿ

ಗಾಳಿಯ ದಿಕ್ಕನ್ನು ಅದು ಎಲ್ಲಿಂದ ಬೀಸುತ್ತದೆ ಎಂಬುದರಿಂದ ಹೇಳುತ್ತಾರೆ. 270°ಯ ಗಾಳಿ ಎಂದರೆ ಪಶ್ಚಿಮದಿಂದ ಬೀಸುವ ಗಾಳಿ. 18,000 ಅಡಿಯಲ್ಲಿ 270°ಯಿಂದ 50 ನಾಟ್ ಗಾಳಿ ಇದೆ ಎಂದುಕೊಳ್ಳಿ.

ಗಾಳಿಯ ದಿಕ್ಕಿನಿಂದ ಮಾರ್ಗದ ದಿಕ್ಕನ್ನು ಕಳೆಯಿರಿ: 270 − 40 = 230°. ಅದರ ಕೊಸೈನ್ −0.643. ಇದನ್ನು 50ರಿಂದ ಗುಣಿಸಿದರೆ −32. ಉತ್ತರ ಧನವಾಗಿದ್ದರೆ ಎದುರುಗಾಳಿ, ಋಣವಾಗಿದ್ದರೆ ಹಿಂಗಾಳಿ. ಇಲ್ಲಿ 32 ನಾಟ್ ಹಿಂಗಾಳಿ. ಸೈನ್‌ನಿಂದ ಅಡ್ಡಗಾಳಿ ಸಿಗುತ್ತದೆ, 38 ನಾಟ್. ಅಡ್ಡಗಾಳಿಯನ್ನು ಎದುರಿಸಲು ವಿಮಾನ ಮೂಗನ್ನು ಸುಮಾರು 8° ಗಾಳಿಯ ಕಡೆಗೆ ತಿರುಗಿಸಿಕೊಂಡು ಹಾರುತ್ತದೆ. ಆ ಓರೆಯಲ್ಲಿ 270 ನಾಟ್‌ನ ವೇಗ ಮಾರ್ಗದ ದಿಕ್ಕಿನಲ್ಲಿ 267ಕ್ಕೆ ಇಳಿಯುತ್ತದೆ. ಹಿಂಗಾಳಿ ಕೂಡಿಸಿದರೆ ನೆಲದ ಮೇಲಿನ ವೇಗ 299 ನಾಟ್. 157 ಮೈಲಿಗೆ 31.5 ನಿಮಿಷ.

ಅದೇ ಗಾಳಿಯಲ್ಲಿ ವಾಪಸು ಬರುವಾಗ ಮಾರ್ಗದ ದಿಕ್ಕು 220°. ಈಗ 32 ನಾಟ್ ಎದುರುಗಾಳಿ, ವೇಗ 235 ನಾಟ್, ಸಮಯ 40.1 ನಿಮಿಷ.

ಹೋಗುವಾಗ ಗಳಿಸಿದ್ದನ್ನು ಬರುವಾಗ ಕಳೆದುಕೊಂಡರೆ ಸರಿಹೋಯಿತಲ್ಲ ಎಂದು ಅನ್ನಿಸಬಹುದು. ಸರಿಹೋಗುವುದಿಲ್ಲ. ಗಾಳಿಯಿಲ್ಲದೆ ನಡುವಿನ ಭಾಗಕ್ಕೆ ಹೋಗಿಬರುವುದೆರಡೂ ಸೇರಿ 69.8 ನಿಮಿಷ ಆಗುತ್ತಿದ್ದದ್ದು ಈಗ 71.6 ಆಗಿದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ನಷ್ಟ ಯಾವಾಗಲೂ ಲಾಭಕ್ಕಿಂತ ದೊಡ್ಡದು. ವಿಮಾನ ನಿಧಾನವಾದಷ್ಟೂ ಗಾಳಿಯ ಹಿಡಿತ ಬಿಗಿ. ಇದೇ ಗಾಳಿಯಲ್ಲಿ ಜೆಟ್‌ನ 94 ಮೈಲಿಗೆ ಹೋಗುವಾಗ 12 ನಿಮಿಷ, ಬರುವಾಗ 14. ಟರ್ಬೊಪ್ರಾಪ್‌ಗೆ ಎಂಟೂವರೆ ನಿಮಿಷದ ಅಂತರವಾದರೆ ಜೆಟ್‌ಗೆ ಎರಡೇ ನಿಮಿಷ.

ಏರುವಾಗ, ಇಳಿಯುವಾಗಲೂ ಗಾಳಿ ತನ್ನ ಕೆಲಸ ಮಾಡುತ್ತದೆ. ಕೆಳಗಿನ ಗಾಳಿ ಸಾಮಾನ್ಯವಾಗಿ ಮೇಲಿನದಕ್ಕಿಂತ ದುರ್ಬಲವಾಗಿರುವುದರಿಂದ ಆ ಎರಡು ಭಾಗಗಳಿಗೆ ಅರ್ಧದಷ್ಟು ಗಾಳಿ ಹಿಡಿದರೆ ಸಾಕು.

ನೆಲದ ಮೇಲಿನ ಸಮಯ

ವೇಳಾಪಟ್ಟಿಯಲ್ಲಿ ಕಾಣುವುದು ಹಾರಾಟದ ಸಮಯವಲ್ಲ, ಬ್ಲಾಕ್ ಸಮಯ. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನ ಅವಧಿ ಅದು. ಚಿಕ್ಕ ನಿಲ್ದಾಣದಲ್ಲಿ ಹೊರಡುವಾಗ ಎಂಟ್ಹತ್ತು ನಿಮಿಷ, ಇಳಿದ ಮೇಲೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ದೊಡ್ಡ ನಿಲ್ದಾಣವಾದರೆ ಹೊರಡುವಾಗಲೇ ಇಪ್ಪತ್ತು ನಿಮಿಷ ಆಗಬಹುದು. ಚಳಿಗಾಲದಲ್ಲಿ ರೆಕ್ಕೆಯ ಮೇಲಿನ ಮಂಜುಗಡ್ಡೆ ಕರಗಿಸುವ ಕೆಲಸವಿದ್ದರೆ ಇನ್ನೂ ಹತ್ತು ನಿಮಿಷ ಸೇರಿಸಿ.

ನಮ್ಮ ಮಾರ್ಗಕ್ಕೆ ಎರಡೂ ಸೇರಿ 15 ನಿಮಿಷ ಹಿಡಿದರೆ, ಗಾಳಿಯಿಲ್ಲದ ದಿನ ಜೆಟ್‌ನ ಬ್ಲಾಕ್ ಸಮಯ 60 ನಿಮಿಷ, ಎಟಿಆರ್‌ನದು 83 ನಿಮಿಷ. ಆರಂಭದಲ್ಲಿ ಹೇಳಿದ ‘800ರಿಂದ ಭಾಗಿಸುವ’ ಲೆಕ್ಕ 35 ನಿಮಿಷ ತೋರಿಸುತ್ತಿತ್ತು.

ಸಂಸ್ಥೆಗಳು ಇದರ ಮೇಲೂ ಐದೋ ಹತ್ತೋ ನಿಮಿಷ ಸೇರಿಸಿ ವೇಳಾಪಟ್ಟಿ ಪ್ರಕಟಿಸುವುದು ರೂಢಿ, ಸಣ್ಣಪುಟ್ಟ ತಡವನ್ನು ನುಂಗಿಕೊಳ್ಳಲು. ಹಾಗಾಗಿ ನಿಮ್ಮ ಉತ್ತರ ವೇಳಾಪಟ್ಟಿಗಿಂತ ತುಸು ಕಡಿಮೆ ಬಂದರೆ ಅದು ಒಳ್ಳೆಯ ಲಕ್ಷಣ. ಹೆಚ್ಚು ಬಂದರೆ ಎಲ್ಲೋ ತಪ್ಪಿದೆ, ಮತ್ತೆ ನೋಡಿ.

ಗಡಿಯಾರ

ತಲುಪುವ ಹೊತ್ತನ್ನು ತಿಳಿಯಲು ಒಂದೇ ದಾರಿ: ಹೊರಡುವ ಸ್ಥಳೀಯ ಸಮಯವನ್ನು ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ಅಂದರೆ ಯುಟಿಸಿಗೆ, ತನ್ನಿ, ಬ್ಲಾಕ್ ಸಮಯ ಕೂಡಿಸಿ, ಆಮೇಲೆ ಸೇರುವ ಊರಿನ ಸಮಯಕ್ಕೆ ತಿರುಗಿಸಿ. ಬರ್ಗೆನ್, ಟ್ರಾಂಡ್‌ಹೈಮ್ ಒಂದೇ ಕಾಲವಲಯದಲ್ಲಿವೆ, ಚಿಂತೆಯಿಲ್ಲ. ಆದರೆ ಒಂದೇ ದೇಶವೆಂದು ಮೈಮರೆಯುವಂತಿಲ್ಲ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಇರುವುದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಗಡಿಯಾರ ಮಾತ್ರ ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ಗೋಲ್ಡ್ ಕೋಸ್ಟ್ ನಿಲ್ದಾಣದ ರನ್‌ವೇ ಎರಡು ರಾಜ್ಯಗಳ ಗಡಿಯನ್ನೇ ದಾಟುತ್ತದೆ. ನಿಲ್ದಾಣ ನಡೆಯುವುದು ಕ್ವೀನ್ಸ್‌ಲ್ಯಾಂಡ್ ಸಮಯದಲ್ಲಿ, ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೆ ಮಾಡುವ ಪದ್ಧತಿ ಇಲ್ಲ. ಬ್ಲಾಕ್ ಸಮಯ ಒಂದೂ ಕಾಲು ಗಂಟೆ ಎಂದಿಟ್ಟುಕೊಂಡರೆ, ಬೇಸಿಗೆಯಲ್ಲಿ ಸಿಡ್ನಿಯನ್ನು 10 ಗಂಟೆಗೆ ಬಿಟ್ಟವರು 10:15ಕ್ಕೆ ಅಲ್ಲಿರುತ್ತಾರೆ. ಅಲ್ಲಿಂದ 10 ಗಂಟೆಗೆ ಹೊರಟವರು ಸಿಡ್ನಿ ಸೇರುವುದು 12:15ಕ್ಕೆ.

ಉತ್ತರವನ್ನು ತಾಳೆ ನೋಡುವುದು

ದೂರವನ್ನು ಗ್ರೇಟ್ ಸರ್ಕಲ್ ಮ್ಯಾಪರ್ ತಾಣದಲ್ಲಿ ಎರಡು ಸಂಕೇತ ಕೊಟ್ಟು ಹೋಲಿಸಬಹುದು. ಒಂದೆರಡು ಕಿಲೋಮೀಟರ್ ವ್ಯತ್ಯಾಸ ಬಂದರೆ ಅದು ಗೋಳ ಮತ್ತು ಚಪ್ಪಟೆ ಗೋಳದ ನಡುವಿನ ಅಂತರ. ಹತ್ತು ಕಿಲೋಮೀಟರ್ ದಾಟಿದರೆ ಡಿಗ್ರಿಯನ್ನು ದಶಮಾಂಶಕ್ಕೆ ತಂದ ಹೆಜ್ಜೆಯನ್ನು ಮೊದಲು ಪರೀಕ್ಷಿಸಿ.

ಸಮಯಕ್ಕೆ ಫ್ಲೈಟ್‌ರಾಡಾರ್24ನಂಥ ತಾಣದಲ್ಲಿ ಅದೇ ಸಂಖ್ಯೆಯ ವಿಮಾನ ಕಳೆದ ಏಳೆಂಟು ದಿನಗಳಲ್ಲಿ ನೆಲ ಬಿಟ್ಟ ಮತ್ತು ನೆಲ ಮುಟ್ಟಿದ ಹೊತ್ತುಗಳನ್ನು ನೋಡಿ. ಅವುಗಳ ಸರಾಸರಿಗಿಂತ, ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ಬರುವ ಸಂಖ್ಯೆಯನ್ನು ಆರಿಸಿಕೊಳ್ಳುವುದು ಮೇಲು. ಒಂದು ದಿನದ ಬಿರುಗಾಳಿ ಸರಾಸರಿಯನ್ನು ಎಳೆದಾಡಿಬಿಡುತ್ತದೆ. ನಿಮ್ಮ ಉತ್ತರ ಪ್ರತಿದಿನವೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಏರುವ ವೇಗವನ್ನೋ ತಿರುವಿಗೆ ಸೇರಿಸಿದ ಮೈಲಿಯನ್ನೋ ತಿದ್ದಿ. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಬರುತ್ತಿದ್ದರೆ ಅದು ಗಾಳಿಯ ಮತ್ತು ರನ್‌ವೇ ದಿಕ್ಕಿನ ಆಟ. ಆಗ ಒಂದೇ ಸಂಖ್ಯೆಗೆ ಅಂಟಿಕೊಳ್ಳದೆ ‘64ರಿಂದ 73 ನಿಮಿಷ’ ಎಂದು ವ್ಯಾಪ್ತಿಯಾಗಿ ಬರೆದಿಟ್ಟುಕೊಳ್ಳಿ. ಮುಂದಿನ ವಿಮಾನ ಹಿಡಿಯಬೇಕಾದವರು ಯೋಜನೆ ಹಾಕಬೇಕಾದದ್ದು ಆ ವ್ಯಾಪ್ತಿಯ ದೊಡ್ಡ ಸಂಖ್ಯೆಯ ಮೇಲೆ.